ಔಷಧಿ ಡಬ್ಬಿಯ ಸಂಬಳ

ನನ್ನ ಗಂಡ ಹೈಸ್ಕೂಲಿನ ಹೆಡ್‌ಮಾಸ್ಟರ್ ಆಗಿದ್ದರು. ಬಿಪಿಯಿಂದ ಸತ್ತರು ಎಂದು ಡಾಕ್ಟರು ಬರೆದುಕೊಟ್ಟರು. ಅದು ಅರ್ಧ ನಿಜ. ಮಾತ್ರೆ ಬಿಟ್ಟು ಸತ್ತರು.

ನಮ್ಮ ಅಡುಗೆಮನೆಯ ಗೂಡಿನಲ್ಲಿ ಸಾಲಾಗಿ ಡಬ್ಬಿಗಳು. ಬಾಡಿಗೆಗೆ ಒಂದು, ಹಾಲಿಗೆ ಒಂದು, ಔಷಧಿಗೆ ಒಂದು. ಸಂಬಳದ ದಿನ ದುಡ್ಡು ಹಂಚಿ ಮುಚ್ಚಳ ಹಾಕುತ್ತಿದ್ದರು. ನನಗೆ ಓದು ಅಷ್ಟಕ್ಕಷ್ಟೇ, ಆದರೂ ಪ್ರತಿ ಡಬ್ಬಿಗೂ ಚೀಟಿ ಅಂಟಿಸಿದ್ದರು. ಒಮ್ಮೆ ಹಾಲಿನ ದುಡ್ಡಲ್ಲಿ ಸೋಪು ತಂದೆ. ಹಾಗಾದರೆ ನಾಳೆ ಸೋಪಿನ ನೊರೆಯಲ್ಲೇ ಕಾಫಿ ಮಾಡು ಅಂದರು.

ಶಾಲೆಯಲ್ಲೂ ಅದೇ ಲೆಕ್ಕ. ಮೇಲಿನವರು ಯಾವುದಕ್ಕೆ ಕೊಟ್ಟರೋ ಅದಕ್ಕೇ ಖರ್ಚು. ಉಳಿದದ್ದು ವರ್ಷದ ಕೊನೆಗೆ ವಾಪಸ್. ಬೇರೆಯದಕ್ಕೆ ಮುಟ್ಟಿದರೆ ನೌಕರಿಗೇ ಕುತ್ತು.

ಈ ವರ್ಷ ಗಣಿತದ ಮೇಷ್ಟ್ರಿಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಇವರು ಅರ್ಜಿ ಹಿಡಿದು ಆಫೀಸಿಗೆ ಚಪ್ಪಲಿ ಸವೆಯುವಷ್ಟು ಅಲೆದರು. ಪೋಸ್ಟ್ ಇದೆ, ದುಡ್ಡಿಲ್ಲ ಎಂದರಂತೆ. ಹತ್ತನೇ ಕ್ಲಾಸಿನ ಮಕ್ಕಳು ಪಬ್ಲಿಕ್ ಪರೀಕ್ಷೆ ಬರೆಯಬೇಕಿತ್ತು. ಸುಣ್ಣಬಣ್ಣಕ್ಕೆ ಬಂದ ದುಡ್ಡು ಮಾತ್ರ ಬ್ಯಾಂಕಿನಲ್ಲಿ ಬೆಚ್ಚಗೆ ಕೂತಿತ್ತು. ಒಂದು ಗೋಡೆಗೆ ಬಳಿದು ನಾಲ್ಕು ಗೋಡೆಗೆ ಬಿಲ್ ಮಾಡಿಸೋಣ ಸಾರ್, ಮಿಕ್ಕಿದ್ದರಲ್ಲಿ ಮೇಷ್ಟ್ರನ್ನ ಇಟ್ಟುಕೊಳ್ಳೋಣ ಎಂದು ಗುಮಾಸ್ತರು ಉಪಾಯ ಹೇಳಿದರು. ಇವರು ಅವರ ಹತ್ತಿರ ಮಾತು ಬಿಟ್ಟರು.

ಕೊನೆಗೆ ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಒಬ್ಬ ಹುಡುಗಿಯನ್ನು ಪರೀಕ್ಷೆಯವರೆಗೆ ಪುಡಿಗಾಸಿನ ಸಂಬಳಕ್ಕೆ ಪಾಠಕ್ಕೆ ಕರೆತಂದರು. ಅವಳ ಸಂಬಳಕ್ಕೇನು ಎಂದು ಕೇಳಿದೆ. ವ್ಯವಸ್ಥೆ ಆಗಿದೆ ಅಂದರು. ಔಷಧಿ ಡಬ್ಬಿ ಎತ್ತಿದಾಗ ಗೊತ್ತಾಯಿತು. ಖಾಲಿ.

"ರೀ, ಸೋಪಿಗೆ ನನ್ನ ಬೈದೋರು ನೀವೇ ಅಲ್ವಾ?"

"ಇದು ಶಾಲೆ ದುಡ್ಡಲ್ಲ ಕಣೇ. ನನ್ನ ಮಾತ್ರೆ ದುಡ್ಡು. ಇದಕ್ಕೆ ಲೆಕ್ಕ ಕೇಳೋರು ಯಾರು?"

"ನಾನಿಲ್ವಾ?"

ಖಾಲಿ ಡಬ್ಬಿಗೆ ಮುಚ್ಚಳ ಹಾಕಿ ಗೂಡಿಗಿಟ್ಟರು. ಮಾರನೆಯ ದಿನ ಹಾಲಿನ ದುಡ್ಡು ತೆಗೆದು ನಾನೇ ಮಾತ್ರೆ ತಂದೆ. ಹಾಲಿನ ದುಡ್ಡಿನ ಮಾತ್ರೆ ನನ್ನ ಗಂಟಲಲ್ಲಿ ಇಳಿಯಲ್ಲ ಅಂದರು. ಅಂಗಡಿಗೆ ಹೋಗಿ ವಾಪಸ್ ಕೊಟ್ಟು, ದುಡ್ಡನ್ನು ಹಾಲಿನ ಡಬ್ಬಿಗೇ ಹಾಕಿದರು. ಪರೀಕ್ಷೆ ಮುಗಿಯಲಿ, ಆಮೇಲೆ ನುಂಗಿದರಾಯಿತು ಎಂದರು.

ಒಂದು ಬೆಳಿಗ್ಗೆ ಪ್ರಾರ್ಥನೆಗೆ ನಿಂತ ಮಕ್ಕಳ ಎದುರಿಗೇ ಬಿದ್ದರು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು.

ಶಾಲೆಯಲ್ಲಿ ಶೋಕಸಭೆ ಇಟ್ಟರು. ಇವರ ಜಾಗಕ್ಕೆ ಬಂದವರು, ವರ್ಷ ಮುಗಿದು ದುಡ್ಡು ವಾಪಸ್ ಹೋದೀತೆಂದು, ಅವಸರದಲ್ಲಿ ಸುಣ್ಣಬಣ್ಣ ಮಾಡಿಸಿದ್ದರು. ಗೋಡೆಗೆ ಒರಗಿದೆ, ತೋಳಿಗೆ ಹಸಿ ಬಣ್ಣ ಮೆತ್ತಿಕೊಂಡಿತು. ಒಂದು ಕಾಸು ಆಚೀಚೆ ಮಾಡದ ಮನುಷ್ಯ ಎಂದು ಎಲ್ಲರೂ ಹೊಗಳಿದರು. ಗುಮಾಸ್ತರೂ ಹೊಗಳಿದರು.

ಅದಾದ ಮೇಲೆ ಗಣಿತದ ಹುಡುಗಿ ಮನೆಗೆ ಬಂದಳು. ನಿನಗೆ ಕೊಡಲು ನಮ್ಮಲ್ಲಿ ದುಡ್ಡೇ ಇಲ್ಲ ಎಂದು ಹೊಸಬರು ಹೇಳಿದ್ದರಂತೆ. ಬಾಗಿಲಲ್ಲೇ ನಿಂತಳು.

"ಸಾರ್ ಎಲ್ಲಿಂದ ಕೊಡ್ತಿದ್ರು ಆಂಟಿ? ಹೇಳಿದ್ರೆ ಅಲ್ಲೇ ಹೋಗಿ ಕೇಳ್ತೀನಿ. ಮಕ್ಕಳಿಗೆ ಇನ್ನೂ ಅರ್ಧ ಪಾಠ ಬಾಕಿ ಇದೆ."

ಒಳಗೆ ಹೋಗಿ ಔಷಧಿ ಡಬ್ಬಿ ತಂದು ಅವಳ ಕೈಗಿಟ್ಟೆ.

"ಇದನ್ನ ಕೇಳಮ್ಮ."

ಅವಳು ಚೀಟಿ ಓದಿದಳು. ಮುಚ್ಚಳ ತೆಗೆದು ನೋಡಿದಳು. ಅವಳದೇನೂ ತಪ್ಪಿಲ್ಲ, ಗೊತ್ತು. ಆದರೂ ಆ ಮುಖ ನೋಡಲಾಗದೆ ಬಾಗಿಲು ಹಾಕಿಕೊಂಡೆ.

ಮೊನ್ನೆ ಸೋಪು ತರಲು ದಿನಸಿ ಅಂಗಡಿಗೆ ಹೋದೆ. ಬಿಲ್ ಹಾಕಲು ಕೂತಿದ್ದವಳು ಅವಳೇ. ಪರೀಕ್ಷೆ ಇನ್ನೂ ಬಂದಿಲ್ಲ. ಶಾಲೆಯಲ್ಲಿ ಗಣಿತದ ಪೀರಿಯಡ್ಡಿಗೆ ಮಕ್ಕಳನ್ನು ಹೊರಗೆ ಬಿಡುತ್ತಾರಂತೆ, ಒಳಗೆ ಬಿಟ್ಟರೆ ಹೊಸ ಬಣ್ಣದ ಗೋಡೆ ಕೊಳೆ ಮಾಡುತ್ತಾರೆಂದು. ಅವಳು ತಲೆ ಎತ್ತದೆ ಚಿಲ್ಲರೆ ಕೊಟ್ಟಳು. ಡಬ್ಬಿ ಅವಳ ಹತ್ತಿರವೇ ಇದೆ. ನಾನು ವಾಪಸ್ ಕೇಳಲಿಲ್ಲ.