ಶಂಕ್ರೆವ್ವ ಬೆಳಕಿಂಡಿ ಮುಚ್ಚಿಸಿದ್ದು

ಶಂಕ್ರೆವ್ವನಿಗೆ ಯಾರ ಮಾತನ್ನೂ ಪೂರ್ತಿ ಕೇಳುವ ತಾಳ್ಮೆ ಇರಲಿಲ್ಲ. ಅರ್ಧ ಕೇಳುವಳು, ಉಳಿದರ್ಧ ತನಗೇ ಗೊತ್ತೆಂದು ಎದ್ದು ಹೋಗುವಳು. ವಿಜಾಪುರದ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ಅವಳ ಮನೆ. ಮೂರು ಕೋಣೆ ಬಾಡಿಗೆಗೆ ಕೊಟ್ಟಿದ್ದಳು. ಮುಂದಿನ ಕೋಣೆಯಲ್ಲಿ ನಾನು ಆರು ವರ್ಷ ಇದ್ದೆ. ತಿಕೋಟಾದಿಂದ ಬಂದು ಅರಳೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ನನಗೆ ಅವಳಿಂದ 'ಧೂಳ್ಯಾ' ಎಂದು ಬೈಸಿಕೊಳ್ಳದ ದಿನ ರೊಟ್ಟಿ ಸೇರುತ್ತಿರಲಿಲ್ಲ.

ಬಬಲೇಶ್ವರದ ಹೆಣ್ಣು ಅವಳು. ಗಂಡ ಬಸಲಿಂಗಯ್ಯ ಬಲು ಅಂಜುಬುರುಕ. ಮನೆ ಕಟ್ಟಿಸುವಾಗ ಕಳ್ಳರಿಗೆ ಹೆದರಿ ಒಂದು ಗೋಡೆಗೂ ಕಿಟಕಿ ಇಡಲಿಲ್ಲ. ಆಗ ಅನೇಕರು ಹಾಗೇ ಕಟ್ಟಿಸುತ್ತಿದ್ದರೆನ್ನಿ. ಗಾಳಿ, ಬೆಳಕು ಎಲ್ಲ ಮಣ್ಣಿನ ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದಲೇ ಬರಬೇಕು. ಮಳೆ ಹನಿದರೆ ಯಾರಾದರೂ ಏಣಿ ಹತ್ತಿ ಅದರ ಮೇಲೆ ಕಲ್ಲು ಎಳೆಯಬೇಕು. ಗಂಡ ತೀರಿಕೊಂಡ ಮೇಲೆ ಈ ಕೋಣೆಗಳೇ ಅವಳಿಗೆ ಅನ್ನ ಹಾಕುತ್ತಿದ್ದವು.

ಹಿಂದಿನ ಕೋಣೆಯಲ್ಲಿ ಹನ್ನೆರಡು ವರ್ಷದಿಂದ ಮಾಶಾಬಿ ಇದ್ದಳು. ಗಂಡನಿಲ್ಲದ ಹೆಂಗಸು, ಕೌದಿ ಹೊಲಿದು ಇಬ್ಬರು ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸಿದ್ದಳು. ಆ ಎರಡೂ ಮದುವೆಗಳಲ್ಲಿ ಶಂಕ್ರೆವ್ವ ಸ್ವಂತ ಅತ್ತೆಯ ಹಾಗೆ ಓಡಾಡಿದ್ದಳು, ಸ್ವಂತ ಅತ್ತೆಯ ಹಾಗೆಯೇ ಎಲ್ಲರನ್ನೂ ಬೈದಿದ್ದಳು.

ನಲವತ್ತೆಂಟರ ಬೇಸಿಗೆಯಲ್ಲಿ ಬಾಡಿಗೆ ಮನೆಗಳ ತಪಾಸಣೆ ಬಿಗಿಯಾಗುತ್ತದೆಂದು ಓಣಿ ಓಣಿಗೂ ನೋಟೀಸು ಬಂತು. ವಾಸಕ್ಕೆ ಯೋಗ್ಯವಲ್ಲದ ಕೋಣೆಗೆ ಎಂಟು ದಿನದಲ್ಲಿ ಬೀಗ. ಇದನ್ನು ಕೇಳಿ ಹೆದರಿದ ಮಾಲಕರಿದ್ದರು, ಹಿಗ್ಗಿದವರೂ ಇದ್ದರು. ಊರಲ್ಲಿ ಬಾಡಿಗೆ ಏರುತ್ತಿತ್ತು, ಹಳೆಯ ಬಾಡಿಗೆಯವರನ್ನು ಎಬ್ಬಿಸಲು ಕಾಯಿದೆ ಬಿಡುತ್ತಿರಲಿಲ್ಲ. ಕೋಣೆಯನ್ನೇ ಕೆಡಿಸಿಟ್ಟರೆ ತಪಾಸಣೆಯ ಸಾಹೇಬರೇ ಎಬ್ಬಿಸುತ್ತಾರಲ್ಲ! ಪಕ್ಕದ ಮನೆಯ ಗುರಲಿಂಗಪ್ಪ ತನ್ನ ಬಾಡಿಗೆಯವರ ಬಚ್ಚಲ ಮೋರಿಗೆ ತಾನೇ ಕಲ್ಲು ತುರುಕಿದ. ಓಣಿಗೆಲ್ಲ ಗೊತ್ತಿತ್ತು, ಯಾರೂ ಉಸಿರೆತ್ತಲಿಲ್ಲ. ನಾನೂ ಎತ್ತಲಿಲ್ಲ, ಸುಳ್ಳು ಯಾಕೆ ಹೇಳಲಿ.

ನಮ್ಮ ಕಟ್ಟೆಯ ಮೇಲೆ ನೋಟೀಸು ಓದುವ ಕೆಲಸ ನನಗೆ ಬಂತು. "ಮಾಳಿಗೆ ಸೋರಬಾರದು" ಎಂದು ಮೊದಲನೆಯದನ್ನು ಓದಿದೆ.

"ತಿಳೀತು ಬಿಡು" ಎಂದು ಶಂಕ್ರೆವ್ವ ಸೆರಗು ಕೊಡವಿಕೊಂಡು ಎದ್ದೇ ಬಿಟ್ಟಳು.

ಪ್ರತಿ ಕೋಣೆಗೂ ಗಾಳಿ, ಬೆಳಕು ಇರಲೇಬೇಕೆಂಬ ಎರಡನೆಯದನ್ನು ನಾನು ಬರಿ ಕಟ್ಟೆಗೆ ಓದಿದೆ. ಕೂಗಿ ಕರೆಯಬಹುದಿತ್ತು. ಹೊಟ್ಟೆ ಹಸಿದಿತ್ತು, ಕರೆಯಲಿಲ್ಲ. ಅಷ್ಟು ತಪ್ಪು ನನ್ನದು.

ಮರುದಿನ ಅಂಗಡಿಯ ಕೆಲಸದ ಮೇಲೆ ನಾನು ಬಬಲೇಶ್ವರಕ್ಕೆ ಹೋದೆ. ಇತ್ತ ಶಂಕ್ರೆವ್ವ ಹೆಣ್ಣು ನೋಡಲು ಬೀಗರು ಬರುವವರಿದ್ದಾರೆ ಎಂಬಂತೆ ಮನೆಯನ್ನು ಸಿಂಗರಿಸಿದಳು. ಸುಣ್ಣ ಬಳಿಸಿದಳು, ಮೋರಿ ತಿಕ್ಕಿಸಿದಳು, ಹೊಸ್ತಿಲಿಗೆ ಕೆಮ್ಮಣ್ಣು ಸಾರಿಸಿದಳು. ಮಾಳಿಗೆ ಸೋರದಂತೆ ಬಡಿಯಲು ಗಾಡಿ ತುಂಬ ಸವಳು ಮಣ್ಣು ತರಿಸಿ, ಗೌಂಡಿ ಹಸನಸಾಬನನ್ನು ಮಾಳಿಗೆ ಹತ್ತಿಸಿದಳು. ಹಿಂದಿನ ಕೋಣೆಯ ಬೆಳಕಿಂಡಿಯ ಹತ್ತಿರ ಅವನು ಕೈ ತಡೆದನಂತೆ.

"ಇದನ್ನ ಮುಚ್ಚಲೇನ್ರಿ?"

"ಮತ್ತ? ಸೋರೂದ ಅಲ್ಲೇ. ಕಲ್ಲ ಎಳದು ಮ್ಯಾಲ ಮಣ್ಣ ಬಡದ ಹಾಕು."

ಮಾಶಾಬಿ ಅಂದು ತಿಕೋಟಾಕ್ಕೆ ಕೌದಿ ಕೊಡಲು ಹೋಗಿದ್ದಳು. ಸಂಜೆ ಬಂದು ನೋಡಿದರೆ ಕೋಣೆ ಕತ್ತಲು. ಗುರಲಿಂಗಪ್ಪನ ಮೋರಿ ಅವಳಿಗೂ ಗೊತ್ತಿತ್ತು. ಯಾರನ್ನೂ ಏನೂ ಕೇಳಲಿಲ್ಲ.

ತಪಾಸಣೆಯ ಬೆಳಿಗ್ಗೆ ನಾನು ಊರಿಗೆ ಮರಳಿದೆ. ಸಾಹೇಬರು ಆಗಲೇ ಗುರಲಿಂಗಪ್ಪನ ಅಂಗಳದಲ್ಲಿದ್ದರು. ಹಿಂದಿನ ಕೋಣೆಗೆ ಇಣುಕಿದರೆ ಮಾಶಾಬಿ ಹಾಡಹಗಲೇ ಚಿಮಣಿ ದೀಪ ಹಚ್ಚಿಕೊಂಡು ಕೂತಿದ್ದಳು. ಪಕ್ಕದಲ್ಲಿ ನಾಲ್ಕು ಗಂಟು.

"ಇದೇನ್ರಿ ಮಾಶಾಬಿ?"

"ಮ್ಯಾಲ ನೋಡ್ರಿ" ಎಂದಳು. "ಹೋಗು ಅಂತ ಬಾಯಿಲೆ ಹೇಳಿದ್ರ ಹೋಗತಿದ್ದೆ. ಬೆಳಕ ಯಾಕ ಮುಚ್ಚಬೇಕಿತ್ತರಿ?"

ನಾನು ಓಡಿಹೋಗಿ ಶಂಕ್ರೆವ್ವನನ್ನು ಎಳೆದು ತಂದೆ, ನೋಟೀಸಿನ ಎರಡನೆಯ ಮಾತು ಹೇಳಿದೆ.

"ಅವತ್ತ ಯಾಕ ಹೇಳಲಿಲ್ಲಲೇ ಧೂಳ್ಯಾ?"

"ನೀವ ಎದ್ದ ಹೋದ್ರಿ ಆಯಿ."

ಬೈಯಲು ಬಾಯಿ ತೆರೆದವಳ ಕಣ್ಣು ಗಂಟುಗಳ ಮೇಲೆ ಬಿತ್ತು. "ಇವನ್ನ ಯಾಕ ಕಟ್ಟಿ ಬೇ?" ಎಂದಳು. ಮಾಶಾಬಿ ಮುಚ್ಚಿದ ಕಿಂಡಿಯ ಕಡೆ ಕಣ್ಣೆತ್ತಿದಳು. ಶಂಕ್ರೆವ್ವನ ಮುಖ ಬಿಳುಚಿಕೊಂಡಿತು. ಸೀರೆ ಎತ್ತಿ ಕಟ್ಟಿ, ಗುದ್ದಲಿ ಹಿಡಿದು ಏಣಿ ಹತ್ತಿದಳು. ಅರವತ್ತು ದಾಟಿದ ಮುದುಕಿ!

ಹಸನಸಾಬ ಕೆಲಸಗಳ್ಳನಾಗಿದ್ದರೆ ಎಷ್ಟು ಚೆನ್ನಾಗಿತ್ತು. ಮೂರು ದಿನದ ಬಿಸಿಲಿಗೆ ಆ ಮಣ್ಣು ಕಲ್ಲಾಗಿತ್ತು. ಮೇಲೆ ಗುದ್ದಲಿಯ ಸದ್ದು, ಕೆಳಗೆ ಬಾಗಿಲಲ್ಲಿ ಸಾಹೇಬರು. ನಾನು ಅವರಿಗೆ ಮೋರಿ ತೋರಿಸಿದೆ. ಕೋಣೆಗಳನ್ನು ತೋರಿಸಿ ಮತ್ತೆ ಮೋರಿ ತೋರಿಸಿದೆ. ಮೂರನೆಯ ಸಲ ತೋರಿಸಹೋದಾಗ ಅವರು ನನ್ನನ್ನು ದುರುಗುಟ್ಟಿ ನೋಡಿ ಹಿಂದಿನ ಕೋಣೆಗೆ ನಡೆದರು.

"ಇಲ್ಲಿ ಮನುಷ್ಯಾರು ಇರತಾರೇನು? ಈ ಕೋಣಿ ನಡಿಯೂದಿಲ್ಲ" ಎಂದು ಅವರು ಪುಸ್ತಕ ತೆರೆದರು. ಆಗ ಮೇಲೆ ಕಲ್ಲು ಸರಿದ ಸದ್ದಾಯಿತು. ಬೊಗಸೆ ಮಣ್ಣು ಸಾಹೇಬರ ಟೊಪ್ಪಿಗೆಯ ಮೇಲೆ ಬಿತ್ತು, ಅದರ ಹಿಂದೆಯೇ ಬಿಸಿಲು ಬಿತ್ತು. ಹೊಸ ಸುಣ್ಣದ ಗೋಡೆಗಳಿಗೆ ಬಡಿದು ಕೋಣೆಯೆಲ್ಲ ಬೆಳ್ಳಗಾಯಿತು.

ಸಾಹೇಬರು ಟೊಪ್ಪಿಗೆ ಝಾಡಿಸಿಕೊಂಡು ಮಾಶಾಬಿಯ ಕಡೆ ತಿರುಗಿದರು. "ಈ ಕಿಂಡಿ ಈಗ ತಗದೀರೇನು?"

"ಮನಿ ಕಟ್ಟಿದಾಗಿಂದ ಐತ್ರಿ. ಮಳಿಗಾಲ ಬಂತಂತ ಮುಚ್ಚಿದ್ದಿವ್ರಿ" ಎಂದಳು ಮಾಶಾಬಿ. ಮುಚ್ಚಿದ್ದರು ಎನ್ನಲಿಲ್ಲ, ಮುಚ್ಚಿದ್ದೆವು ಎಂದಳು.

"ಮಾಲಕರ ಮ್ಯಾಲ ಏನರ ತಕರಾರ ಐತೇನು?"

"ಇಲ್ರಿ."

"ಮತ್ತ ಈ ಗಂಟು?"

"ಸುಣ್ಣಾ ಹಚ್ಚಾಕ ಸಾಮಾನ ತಗದೇನ್ರಿ."

ಮೂರು ದಿನದ ಹಿಂದೆಯೇ ಹಚ್ಚಿದ ಸುಣ್ಣವನ್ನು ಸಾಹೇಬರು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿದರು. ಆದರೂ ಕೋಣೆ ಯೋಗ್ಯವೆಂದು ಬರೆದು ಸಹಿ ಮಾಡಿದರು. ಆ ಪುಣ್ಯಾತ್ಮನ ಹೆಸರು ಕೇಳಿಟ್ಟುಕೊಳ್ಳಬೇಕಿತ್ತು.

ಅವರು ಹೊಸ್ತಿಲು ದಾಟಿದ್ದೇ ತಡ, ಬೆಳಕಿಂಡಿಯಲ್ಲಿ ಶಂಕ್ರೆವ್ವನ ಮುಖ ಕಾಣಿಸಿತು. ಮೈಯೆಲ್ಲ ಮಣ್ಣು, ಬೆವರು.

"ಮಾಶಾಬಿ, ನಿನ್ನ ಮನಿ ಬಿಡಸಾಕ ಮುಚ್ಚಿದ್ನಿ ಅಂತ ತಿಳದಿದ್ದೇನ ಬೇ?"

"ತಿಳದಿದ್ದೆ ಅಕ್ಕಾ" ಎಂದಳು ಮಾಶಾಬಿ. ಅಳು, ನಗು ಎರಡೂ ಒಟ್ಟಿಗೇ ಬಂದವು ಅವಳಿಗೆ.

"ಬಾಯಿ ಇರಲಿಲ್ಲೇನ ನಿನಗ, ಕೇಳಾಕ? ಹನ್ನೆರಡ ವರ್ಷ ಆತು!" ಶಂಕ್ರೆವ್ವನ ದನಿ ಒಡೆಯಿತು. "ಗಂಟ ಬಿಚ್ಚು. ನನ್ನ ಕಣ್ಣಮುಂದ ಬಿಚ್ಚು. ನಾಲ್ಕೂ ಬಿಚ್ಚೂಮಟಾ ನಾ ಕೆಳಗ ಇಳಿಯಂಗಿಲ್ಲ."

ಮೇ ತಿಂಗಳ ಉರಿಬಿಸಿಲು. ನಾನು ಎಷ್ಟು ಕರೆದರೂ ಅವಳು ಇಳಿಯಲಿಲ್ಲ. ಮಾಶಾಬಿ ನಾಲ್ಕನೆಯ ಗಂಟು ಬಿಚ್ಚಿ, ಕೌದಿಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಕೂತ ಮೇಲೆಯೇ ಶಂಕ್ರೆವ್ವ ಏಣಿಗೆ ಕಾಲಿಟ್ಟಳು.