ಫೋರ್‌ಮನ್ನರ ಮುಖ ಯಾರಿಗಿದೆ?

ಗೆಳೆಯರೇ, ಇಂದು ಊಟದ ಬಿಡುವಿನಲ್ಲಿ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಡೆದದ್ದನ್ನು ಬೇರೆ ಯಾರಾದರೂ ತಿರುಚಿ ಹೇಳುವ ಮೊದಲೇ ಈ ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದೇನೆ.

ನಿವೃತ್ತರಾಗುತ್ತಿರುವ ಫೋರ್‌ಮನ್ ರಂಗಪ್ಪನವರ ಜೀವನವನ್ನೇ ನಮ್ಮ ಕನ್ನಡ ಸಂಘ ನಾಟಕವಾಗಿ ಆಡಲಿದೆ. ಅವರ ಪಾತ್ರಕ್ಕೆ ಇಬ್ಬರು ಮುಂದೆ ಬಂದರು. ಟೈಪಿಸ್ಟ್ ಶ್ರೀಧರಯ್ಯ ರಂಗಪ್ಪನವರದೇ ತದ್ರೂಪು: ಅದೇ ಬೊಕ್ಕತಲೆ, ಅದೇ ಮೀಸೆ. ಮಾಕಳಿಯ ಫಿಟ್ಟರ್ ಮುನಿಯಪ್ಪ ಕಡ್ಡಿಯ ಹಾಗಿದ್ದಾನೆ. “ಮುಖಾನೇ ಹೋಲ್ದಿದ್ರೆ ಜನ ಹೆಂಗ್ರೀ ನಂಬ್ತಾರೆ?” ಎಂದರು ಸಂಘದ ಕಾರ್ಯದರ್ಶಿ.

ರಂಗಪ್ಪನವರು ಕೆಟ್ಟ ಮೆಷಿನ್ನಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಿ, ಹಿಡಿಯನ್ನು ಕಿವಿಗಿಟ್ಟು, ಒಳಗೆ ಯಾವ ಭಾಗ ಹೋಗಿದೆಯೆಂದು ಸದ್ದಿನಿಂದಲೇ ಕಂಡುಹಿಡಿಯುತ್ತಾರೆ. ಆ ದೃಶ್ಯಕ್ಕೆ ಮೇಜನ್ನೇ ಮೆಷಿನ್ ಎಂದುಕೊಂಡೆವು. ಶ್ರೀಧರಯ್ಯ ಹಿಡಿಯನ್ನು ಮೇಜಿಗಿಟ್ಟು ತುದಿಯನ್ನು ಕಿವಿಗೆ ತೂರಿಸಿದರು.

“ಅಯ್ಯೋ ಸಾರ್, ಕಿವಿ ತೂತ್ ಬಿದ್ದೋಯ್ತದೆ!” ಎಂದು ಮುನಿಯಪ್ಪ ಅದನ್ನು ಕಿತ್ತುಕೊಂಡ. ಸರಿಯಾಗಿ ಹಿಡಿದು, ಮೇಜಿಗೆ ಬಾಗಿ, ಕಣ್ಣು ಮುಚ್ಚಿದ.

ಪಕ್ಕದ ಬೆಂಚಿನಲ್ಲಿ ಮಜ್ಜಿಗೆ ಕುಡಿಯುತ್ತಿದ್ದ ರಂಗಪ್ಪನವರು ಲೋಟ ಕೆಳಗಿಟ್ಟು ಎದ್ದೇಬಿಟ್ಟರು. “ಏನೋ, ಬೇರಿಂಗ್ ಹೋಗಿದ್ಯಾ?”

ಪಾತ್ರ ಮುನಿಯಪ್ಪನದು. ಆಹ್ವಾನಪತ್ರಿಕೆಗೆ ಶ್ರೀಧರಯ್ಯನವರ ಫೋಟೊ ಹಾಕುತ್ತೇವೆ. ಅದರಲ್ಲಿ ಕೈ ಕಾಣುವುದಿಲ್ಲ.