ಅಪ್ಪನ ಎದೆಯ ಅಳತೆ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಎಕೋ ಕೋಣೆಯಲ್ಲಿ ಜೆಲ್ ಬಾಟಲಿಯೊಂದು ಬಿಸಿನೀರಿನ ಬೋಗುಣಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತಿದೆ. ತಣ್ಣನೆಯ ಜೆಲ್ ಎದೆಗೆ ತಾಗಿದರೆ ಎಂಥವರೂ ಬೆಚ್ಚುತ್ತಾರೆ. ಬೆಚ್ಚಿದ ಹೃದಯದ ಚಿತ್ರ ತೆಗೆಯುವುದು ಇಲ್ಲಿನ ತಂತ್ರಜ್ಞೆಗೆ ಇಷ್ಟವಿಲ್ಲ. ಹದಿನೇಳು ವರ್ಷಗಳಿಂದ ಇದೇ ಕೆಲಸ. ವರದಿಯ ಕೆಳಗಿನ ಸಹಿ ಡಾಕ್ಟರರದು, ಬಲಭುಜದ ನೋವು ಇವರದು.

ರೋಗಿಗಳ ಸಾಲು ಒಂಬತ್ತಕ್ಕೆ ಶುರು, ದಿನಕ್ಕೆ ಇಪ್ಪತ್ತು ಎದೆಗೆ ಕಮ್ಮಿಯಿಲ್ಲ. ಅದಕ್ಕೆ ಮುಂಚಿನ ಹೊತ್ತು ಕಾಯಿಲೆಯೇ ಇಲ್ಲದವರಿಗೆ ಮೀಸಲು. ಆರೋಗ್ಯವಂತರ ಹೃದಯದ ಕೋಣೆಗಳು ವಯಸ್ಸಾದಂತೆ ಹೇಗೆ ಆಕಾರ ಬದಲಿಸುತ್ತವೆ ಎಂಬ ಅಧ್ಯಯನ ನಡೆದಿದೆ. "ಹರೆಯದಲ್ಲಿ ಎಡಗಡೆಯ ಕೆಳಕೋಣೆ ನೀಳವಾಗಿರುತ್ತೆ. ವಯಸ್ಸಾದ್ಮೇಲೆ ಸ್ವಲ್ಪ ಗಿಡ್ಡ, ಸ್ವಲ್ಪ ದುಂಡಗೆ. ನಮ್ಮ ಹಾಗೇ ಬಿಡಿ" ಎಂದು ತಂತ್ರಜ್ಞೆ ನಗುತ್ತಾರೆ.

ಇವತ್ತು ಆ ನಗು ಬೇಗ ಆರುತ್ತದೆ. ಮಂಚದ ಮೇಲೆ ಅಂಗಿ ಬಿಚ್ಚಿ ಕೂತಿರುವುದು ಇವರ ಅಪ್ಪ, ಎಪ್ಪತ್ತೆಂಟರ ದರ್ಜಿ. ಕಳೆದ ತಿಂಗಳು "ನನ್ನಷ್ಟು ಗಟ್ಟಿ ಯಾರಿದ್ದಾರೆ" ಎಂದು ಜಂಬದಿಂದಲೇ ಅಧ್ಯಯನಕ್ಕೆ ಬಂದವರು. ಚಿತ್ರದಲ್ಲಿ ಹೃದಯ ವಯಸ್ಸಿಗೆ ಮೀರಿ ದುಂಡಗೆ ಕಂಡಿತು. ಇನ್ನೊಮ್ಮೆ ನೋಡುವವರೆಗೆ ಮೆಟ್ಟಿಲು ಬೇಡವೆಂದರು ಡಾಕ್ಟರು. ಹೊಲಿಗೆ ಯಂತ್ರ ಇರುವುದು ಮಹಡಿಯಲ್ಲಿ. ಅಂದಿನಿಂದ ದರ್ಜಿ ಕೆಳಗೆ ಕೂತು ನೊಣ ಹೊಡೆಯುತ್ತಿದ್ದಾರೆ.

ಹಳೆಯ ಚಿತ್ರಗಳನ್ನು ಮತ್ತೆ ನೋಡಿದಾಗ ಮಗಳಿಗೆ ಅನುಮಾನ ಬಂದಿದೆ. "ಅಪ್ಪಂದು ಬರೀ ಎಲುಬು. ಒತ್ತಿದ್ರೆ ನೋಯುತ್ತೇಂತ, ಎದೆಗೆ ಹಿಡಿಯೋ ಈ ಪ್ರೋಬನ್ನ ಇರಬೇಕಾದ ಜಾಗಕ್ಕಿಂತ ಒಂದು ಪಕ್ಕೆಲುಬಿನಷ್ಟು ಮೇಲೇ ಮೆತ್ತಗೆ ಹಿಡಿದುಬಿಟ್ಟೆ. ಅಲ್ಲಿಂದ ನೋಡಿದ್ರೆ ತುದಿ ತಪ್ಪಿಹೋಗಿ ಯಾರ ಹೃದಯಾನೂ ಗಿಡ್ಡ, ದುಂಡಗೇ ಕಾಣುತ್ತೆ." ತಪ್ಪು ಕೈಯದೋ ಹೃದಯದ್ದೋ, ಇವತ್ತು ತಿಳಿಯಬೇಕು.

"ನಿಮ್ಮಮ್ಮ ಮೆಟ್ಟಿಲಿಗೆ ಕುರ್ಚಿ ಅಡ್ಡ ಇಟ್ಟಿದ್ದಾಳೆ ಕಣಮ್ಮ. ನಾನೇನು ಕಳ್ಳನಾ?"

"ಎಡಕ್ಕೆ ತಿರುಗಿ ಮಲಕ್ಕೋ. ಉಸಿರು ಬಿಟ್ಟು ಹಾಗೇ ಹಿಡಿ. ಮಾತು ಆಮೇಲೆ."

ಪ್ರೋಬ್ ಕೆಳಗೆ ಜಾರುತ್ತದೆ, ಎಲುಬಿನ ಸಂದಿಗೆ ಊರುತ್ತದೆ.

"ಅಯ್ಯೋ! ಮಗಳೋ ಶತ್ರುವೋ?"

"ನೋಯ್ತಾ ಅಪ್ಪಾ?" ಕೈ ಅರೆಕ್ಷಣ ಸಡಿಲವಾಗುತ್ತದೆ.

"ನೋಯುತ್ತೆ. ನೀನು ಒತ್ತು. ಸಡಿಲ ಅಳತೆ ತಗೊಂಡು ಅಂಗಿ ಕೆಡಿಸೋ ಮನೆತನ ಅಲ್ಲ ನಮ್ಮದು."

ಇವರು ತುಟಿ ಕಚ್ಚಿ ಒತ್ತುತ್ತಾರೆ. ಪರದೆಯ ಮೇಲೆ ಕೋಣೆ ನಿಧಾನವಾಗಿ ನೀಳವಾಗುತ್ತಾ ತನ್ನ ನಿಜವಾದ ತುದಿ ತೋರಿಸುತ್ತದೆ. ಮಗಳು ಆ ಚಿತ್ರವನ್ನು ಉಳಿಸಿಡುತ್ತಾರೆ. ಫಲಿತಾಂಶ ಹೇಳಬೇಕಾದವರು ಡಾಕ್ಟರು. ಏಳಕ್ಕೆ ಬಂದ ಅವರು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ.

"ವಯಸ್ಸಿಗೆ ತಕ್ಕಷ್ಟೇ ದುಂಡಗಿದೆ. ಧಾರಾಳವಾಗಿ ಮೆಟ್ಟಿಲು ಹತ್ತಿ ಯಜಮಾನ್ರೇ."

"ಬರೆದು ಕೊಡಿ ಸ್ವಾಮಿ. ಬಾಯಿಮಾತು ನಮ್ಮ ಮನೇಲಿ ನಡೆಯಲ್ಲ."

ಚೀಟಿ ಹಿಡಿದು ಅಪ್ಪ ಹೊರಡುತ್ತಾರೆ, ಅಂಗಿಯ ಗುಂಡಿ ದಾರಿಯಲ್ಲೇ ಹಾಕಿಕೊಳ್ಳುತ್ತಾ. ಅವರ ಪಕ್ಕೆಯಲ್ಲಿ ಮೂಡಿದ್ದ ಕೆಂಪು ಗುರುತನ್ನು ಮಗಳು ನೋಡಿದ್ದಾರೆ. ಕಣ್ಣೊರೆಸಿಕೊಂಡು ಮುಂದಿನವರನ್ನು ಕರೆಯುವ ಮೊದಲು ಹೇಳುತ್ತಾರೆ:

"ನೋಯಿಸಿದ್ಲು ಅಂತ ಬೈಸ್ಕೊಂಡ್ರೂ ಸರಿ. ಇಲ್ಲದ ಕಾಯಿಲೇನ ಯಾರ ಮನೆಗೂ ಕಳಿಸಬಾರದು."